ಅರ್ಧ ಗಂಟೆಯ ಕತ್ತಲು

ಸ್ವೀಡನ್ನಿನ ಉತ್ತರದಲ್ಲಿರುವ ನಮ್ಮ ಉಮೆಯೊ ಊರಿಗೆ ಬರುವ ನೆಂಟರೆಲ್ಲ ಆಕಾಶದಲ್ಲಿ ಹಸಿರು ಬೆಳಕು ಕುಣಿಯುವುದನ್ನು ನೋಡಬೇಕೆಂದು ಪ್ರಾಣ ತಿನ್ನುತ್ತಾರೆ. ನನಗೆ ಆ ಬೆಳಕನ್ನು ಕಂಡರೆ ಆಗುವುದಿಲ್ಲ. ಗ್ಯಾಲಕ್ಸಿ ನೋಡುವ ಹುಚ್ಚು ಹತ್ತಿದವರಿಗೆ ಎಲ್ಲ ಬೆಳಕೂ ಶತ್ರುವೇ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು. ಯಾರಾದರೂ ಒಮ್ಮೆ ಮೊಬೈಲು ಬೆಳಗಿಸಿದರೆ ಆ ಅರ್ಧ ಗಂಟೆ ನೀರಿನಲ್ಲಿ ಹೋಮ.

ಈ ಮಾತನ್ನು ಆ ಅಕ್ಟೋಬರಿನ ರಾತ್ರಿ ಅತ್ತೆಗೆ ಗದರಿಸಿಯೇ ಹೇಳಿದ್ದೆ. ಮೂರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದರು. ಅವರ ಮಗ, ನನ್ನ ಗಂಡ, ಆಫೀಸಿನ ಕೆಲಸಕ್ಕೆ ಸ್ಟಾಕ್‌ಹೋಮಿಗೆ ಹೋಗಿದ್ದ. "ಒಬ್ಬಳೇ ಗೋಡೆ ನೋಡ್ಕೊಂಡು ಕೂರೋ ಬದಲು ನಿನ್ ಜೊತೆ ನಕ್ಷತ್ರಾನಾದ್ರೂ ನೋಡ್ತೀನಿ ಬಿಡೇ" ಎಂದು ಮಂಕಿ ಕ್ಯಾಪ್ ಹಾಕಿ, ಅದರ ಮೇಲೊಂದು ಬಿಳಿ ಶಾಲು ಸುತ್ತಿಕೊಂಡು ಕಾರು ಹತ್ತಿದ್ದರು.

ಊರು ದಾಟಿ ಕಾಡಿನೊಳಗೆ ಒಂದು ಗಂಟೆಯ ದಾರಿ. ಮರ ಸಾಗಿಸುವ ಲಾರಿಗಳು ತಿರುಗಿಕೊಳ್ಳುವ ಬಯಲೊಂದಿದೆ, ಅಲ್ಲೇ ನನ್ನ ಟೆಲಿಸ್ಕೋಪು ನಿಲ್ಲುವುದು. ಬಯಲಿನ ಆಚೆಗೆ ಜೌಗು. ಹಗಲಲ್ಲಿ ಕಾಡುಹಣ್ಣು ಕೀಳುವವರಿಗೆಂದು ಅದರ ಮೇಲೆ ಕಿರಿದಾದ ಹಲಗೆಗಳನ್ನು ಹಾಸಿದ್ದಾರೆ. ಹಲಗೆ ಬಿಟ್ಟು ಕಾಲಿಟ್ಟರೆ ಕೆಸರು ಎಷ್ಟು ಆಳಕ್ಕೆ ಎಳೆದುಕೊಳ್ಳುತ್ತದೋ ಹೇಳುವವರಿಲ್ಲ.

ಮೊದಲು ಆಂಡ್ರೊಮಿಡಾ ಗ್ಯಾಲಕ್ಸಿ ತೋರಿಸಿದೆ. "ನೇರ ನೋಡ್ಬೇಡಿ ಅತ್ತೆ. ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಅಂಚು ಕಾಣುತ್ತೆ. ಮಸುಕಾಗಿರೋದು ಓರೆಗಣ್ಣಿಗೇ ಸಿಗೋದು."

"ಹೆಣ್ಣು ನೋಡೋಕೆ ಬಂದಾಗ ನಾವು ಗಂಡನ್ನ ನೋಡ್ತಿದ್ವಲ್ಲ, ಹಾಗೆ ಅನ್ನು" ಎಂದು ನಕ್ಕರು. ಅಷ್ಟರಲ್ಲಿ ಅವರ ಫೋನು ಬೆಳಗಿತು, ಊರಿನಿಂದ ಯಾರದೋ ಗುಡ್ ಮಾರ್ನಿಂಗ್ ಹೂವು. ನನಗೆ ಎಲ್ಲಿತ್ತೋ ಸಿಟ್ಟು. "ಅತ್ತೆ, ಹಾಳಾಯ್ತು! ಅರ್ಧ ಗಂಟೆ ಹಾಳಾಯ್ತು! ಆಫ್ ಮಾಡಿ ಅದನ್ನ!" ಅವರು ತೆಪ್ಪಗೆ ಆಫ್ ಮಾಡಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ನಡೆಯುತ್ತಿತ್ತು.

ಸ್ವಲ್ಪ ಹೊತ್ತಿಗೆ "ಕಾರಲ್ಲಿ ಕೂತಿರ್ತೀನಿ ಕಣೆ" ಎಂದರು. ನಾನು ಹೂಂ ಎಂದೆ, ತಲೆ ಎತ್ತಲಿಲ್ಲ. ಬಹಳ ದಿನದಿಂದ ಸಿಗದೆ ಸತಾಯಿಸುತ್ತಿದ್ದ ಒಂದು ಮಸುಕು ಗ್ಯಾಲಕ್ಸಿಯ ಬೆನ್ನು ಹತ್ತಿದ್ದೆ.

ಬೆರಳು ಮರಗಟ್ಟಿದಾಗ ಕಾಫಿಗೆಂದು ಕಾರಿನ ಬಳಿ ಹೋದೆ. ಬೆಳಕಾಗದಿರಲೆಂದು ಒಳಗಿನ ದೀಪವನ್ನೂ ಆರಿಸಿಟ್ಟಿದ್ದೆ. ಸೀಟಿನ ಮೇಲೆ ಕೈಯಾಡಿಸಿದೆ. ಯಾರೂ ಇರಲಿಲ್ಲ. ಸೀಟು ತಣ್ಣಗಿತ್ತು.

"ಅತ್ತೆ!" ಎಂದು ಕೂಗಿದೆ. ಪೈನ್ ಮರಗಳಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಹಾರ್ನ್ ಒತ್ತಿದೆ. ಫೋನು ಮಾಡಿದೆ, ಸ್ವಿಚ್ ಆಫ್. ಆಫ್ ಮಾಡಿಸಿದವಳು ನಾನೇ. ಟಾರ್ಚು ಹಾಕಿಕೊಂಡು ಬಯಲಿನ ಸುತ್ತ ಓಡಿದೆ. ಹತ್ತು ಮಾರು ದೂರದವರೆಗೆ ಹುಲ್ಲು, ಅದರಾಚೆ ಮೊದಲಿಗಿಂತ ದಟ್ಟವಾದ ಕಪ್ಪು. ಬೆಳಕು ನನ್ನ ಕಣ್ಣನ್ನೇ ಕಟ್ಟಿತ್ತು. ಎಪ್ಪತ್ತರ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಶೂ, ಸುತ್ತ ಜೌಗು, ನೀರು ಹೆಪ್ಪುಗಟ್ಟುವ ಚಳಿ. ಕೆಸರಿನಲ್ಲಿ ಸಿಕ್ಕಿಕೊಂಡಿದ್ದರೆ? ತುರ್ತು ನಂಬರಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸು ಸಮಾಧಾನದ ದನಿಯಲ್ಲಿ, ಜನ ಹೊರಟಿದ್ದಾರೆ, ಕಾಡಿನ ದಾರಿಯಾದ್ದರಿಂದ ತಡವಾಗುತ್ತದೆ, ನೀವು ಜೌಗಿಗೆ ಇಳಿಯಬೇಡಿ ಎಂದಳು. ಅವಳ ಸಮಾಧಾನ ಕೇಳಿ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಗಂಡನಿಗೆ ಏನೆಂದು ಹೇಳಲಿ, ನಿನ್ನ ಅಮ್ಮನನ್ನು ಕತ್ತಲಲ್ಲಿ ಬಿಟ್ಟು ನಕ್ಷತ್ರ ನೋಡುತ್ತಿದ್ದೆ ಎಂದೇ?

ಆಗ ನನಗೆ ತಿಳಿದಿದ್ದ ಒಂದೇ ವಿದ್ಯೆ ನೆನಪಾಯಿತು. ಟಾರ್ಚು ಆರಿಸಿದೆ. ಕಣ್ಣು ಮುಚ್ಚಿ, ಕಾರಿಗೆ ಆತು ನಿಂತೆ. ಕಳೆದುಹೋದವರನ್ನು ಹುಡುಕುವುದು ಬಿಟ್ಟು ಸುಮ್ಮನೆ ನಿಲ್ಲುವುದು ಎಂಥ ಹಿಂಸೆ ಎಂದು ಹೇಳಲಾರೆ. ರಾಯರ ಶ್ಲೋಕ ಹೇಳುತ್ತಿದ್ದೆ, ಒಮ್ಮೆ ಮೊದಲು ಮಾಡಿದರೆ ಕೊನೆ ಮುಟ್ಟುತ್ತಿರಲಿಲ್ಲ. ಇನ್ನು ತಡೆಯಲಾರೆ ಎನ್ನಿಸಿದಾಗ ಕಣ್ಣು ಬಿಟ್ಟೆ. ಮರದ ತುದಿಗಳು ಕಂಡವು, ಆಮೇಲೆ ಬಯಲಿನ ಅಂಚು. ಜೌಗಿನ ಕಡೆ ತಿರುಗಿ ನೇರ ನೋಡಿದೆ, ಏನಿಲ್ಲ. ನೋಟವನ್ನು ಪಕ್ಕಕ್ಕೆ ಸರಿಸಿದೆ. ಕಣ್ಣಂಚಿನಲ್ಲಿ ಹಿಟ್ಟು ಚೆಲ್ಲಿದಂಥ ಒಂದು ಬಿಳುಪು. ನೇರ ನೋಡಿದರೆ ಮಾಯ. ಮತ್ತೆ ಪಕ್ಕಕ್ಕೆ ನೋಡಿದೆ. ಅದು ಅಲುಗಿತು.

ಆ ದಿಕ್ಕು ತಪ್ಪದಂತೆ ಗುರುತಿಟ್ಟುಕೊಂಡು, ಟಾರ್ಚು ಹಾಕಿ, ಹಲಗೆಯ ಮೇಲೆ ಹೋದೆ. ಅತ್ತೆ ಅಲ್ಲಿದ್ದರು. ಒಂದು ಕಾಲು ಹಲಗೆಯ ಮೇಲೆ, ಇನ್ನೊಂದು ಮೊಣಕಾಲಿನವರೆಗೆ ಕೆಸರಿನಲ್ಲಿ. ಒಂದು ಕೈ ಪುಟ್ಟ ಪೈನ್ ಗಿಡವನ್ನು ಹಿಡಿದಿತ್ತು, ಇನ್ನೊಂದು ಕೈಯಲ್ಲಿ ಫೋನು. ತೋಳು ಹಿಡಿದು ಎಳೆದೆ. ಕಾಲು ಬಂತು, ಶೂ ಬರಲಿಲ್ಲ. ಇಬ್ಬರೂ ಹಲಗೆಯ ಮೇಲೆ ಕುಕ್ಕರಿಸಿದೆವು.

"ಒಂದಕ್ಕೆ ಹೋಗ್ಬೇಕಿತ್ತು ಕಣೆ. ಮರದ ಮರೆಗೆ ಬಂದೆ, ದಾರಿ ತಪ್ಪೋಯ್ತು. ಹಾರ್ನ್ ಕೇಳಿಸ್ತು, ನಾನೂ ಕೂಗ್ದೆ. ಚಳಿಗೆ ಗಂಟ್ಲೇ ಏಳ್ಲಿಲ್ಲ." ಹಲ್ಲು ಕಟಕಟ ಎನ್ನುತ್ತಿದ್ದವು.

ನಾನು ಅಳುತ್ತಾ ಬೈದೆ. "ಕೈಯಲ್ಲೇ ಫೋನಿದೆಯಲ್ಲ ಅತ್ತೆ! ಆನ್ ಮಾಡಿ ಟಾರ್ಚ್ ಹಾಕೋಕೆ ಏನಾಗಿತ್ತು ನಿಮಗೆ?"

ಅವರು ಮಗುವಿನಂತೆ ನನ್ನ ಮುಖ ನೋಡಿದರು.

"ನೀನೂ ಟಾರ್ಚ್ ಆರಿಸಿದ್ಯಲ್ಲ, ನಾನು ಬೆಳಕು ಹಾಕಿದ್ರೆ ನಿಂಗೆ ಮತ್ತೆ ಅರ್ಧ ಗಂಟೆ ಹಾಳಾಗುತ್ತಲ್ಲೇ. ಹೆಂಗೂ ಬಂದು ನೋಡ್ತೀಯ ಅಂತ ನಿಂತಿದ್ದೆ." ಆಮೇಲೆ ನನ್ನ ಕೈಯೊಳಗೆ ತಮ್ಮ ಕೈ ತೂರಿಸಿ ಕೇಳಿದರು, "ಸಿಕ್ತಾ ನಿಂಗೆ ಆ ಗ್ಯಾಲಕ್ಸಿ?"

"ಸಿಕ್ತು ಅತ್ತೆ" ಎಂದು ಅವರ ಕೆಸರು ಕಾಲನ್ನು ನನ್ನ ಜಾಕೆಟ್ಟಿನೊಳಗೆ ಸೇರಿಸಿಕೊಂಡೆ.