ನನ್ನ ಪಾಲಿಗೆ ಬಂದ ಮೊದಲನೆಯ ಮಾತು

ನಮ್ಮ ಸಭೆಯಲ್ಲಿ ಶುಭ ಶುಕ್ರವಾರದ ಮಧ್ಯಾಹ್ನ ಬಲು ದೀರ್ಘವಾದ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚುತ್ತಾರೆ. ಪಾದ್ರಿಗಳಲ್ಲ, ನಮ್ಮಂಥವರೇ ಎದ್ದು ಒಂದೊಂದರ ಮೇಲೆ ಮಾತಾಡಬೇಕು. ಆ ವರ್ಷ ನನಗೂ ಕರೆ ಬಂತು. ನಾನು ಕೇಳಿದ್ದು ನನಗೆ ಬಾಯಾರಿಕೆಯಾಗಿದೆ ಎಂಬ ಮಾತನ್ನು. ಸಂಜಯನಗರದಲ್ಲಿ ಬೇಸಿಗೆಯುದ್ದಕ್ಕೂ ನೀರಿನ ಟ್ಯಾಂಕರಿಗೆ ಕಾದವಳಿಗೆ ಆ ವಿಷಯದಲ್ಲಿ ಹೇಳಲು ಬೇಕಾದಷ್ಟಿತ್ತು. ಸಭಾಪಾಲಕರು ಕೊಟ್ಟದ್ದು ಮೊದಲನೆಯದನ್ನು. ಮೊಳೆ ಹೊಡೆದವರನ್ನು ಕ್ಷಮಿಸು ಎಂದು ಯೇಸು ತಂದೆಯನ್ನು ಬೇಡಿಕೊಂಡ ಮಾತು ಅದು.

"ಅಯ್ಯನವರೇ, ಇದು ನನ್ ಕೈಲಿ ಆಗಲ್ಲ. ಬೇರೆ ಕೊಡಿ" ಅಂದೆ.

"ಆಗಲ್ಲ ಅಂತ್ಲೇ ಕೊಟ್ಟಿದ್ದು ಕಣಮ್ಮ" ಅಂದರು.

ಅವರಿಗೆ ಗೊತ್ತಿತ್ತು. ಇಡೀ ಸಭೆಗೇ ಗೊತ್ತಿತ್ತು. ಯಲಹಂಕದಲ್ಲಿರುವ ನನ್ನ ಅಣ್ಣನ ಜೊತೆ ನಾನು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಮ್ಮ ತೀರಿಕೊಂಡ ದಿನ ನಾನು ಕೆಲಸದ ಮೇಲೆ ದೆಹಲಿಯಲ್ಲಿದ್ದೆ. ಸಿಕ್ಕಿದ ವಿಮಾನ ಮಂಜಿನಿಂದ ತಡವಾಯಿತು. ಸಂಜೆಯವರೆಗೆ ಕಾಯಿ ಎಂದು ಫೋನಿನಲ್ಲಿ ಅಣ್ಣನನ್ನು ಅತ್ತು ಬೇಡಿಕೊಂಡೆ. ಅವನು ಕಾಯಲಿಲ್ಲ. ನಾನು ಬರುವಷ್ಟರಲ್ಲಿ ಮಣ್ಣು ಮುಚ್ಚಿ ಹಾರ ಇಟ್ಟಾಗಿತ್ತು. ಅಮ್ಮನ ಮುಖವನ್ನು ಕೊನೆಯ ಸಲ ತಾನೊಬ್ಬನೇ ನೋಡಿ ನನಗೆ ತಪ್ಪಿಸಿದ ಎಂಬುದೇ ನನ್ನ ಸಿಟ್ಟು. ಅಂದಿನಿಂದ ಅವನು ದೇವಾಲಯದ ಬಲಗಡೆ ಕೂತರೆ ನಾನು ಎಡಗಡೆ.

ಐವತ್ತು ದಾಟುವವರೆಗೆ ನನ್ನ ಭಕ್ತಿಗೆ ಏನೂ ಕೊರತೆ ಇರಲಿಲ್ಲ. ಭಾನುವಾರ ಆರಾಧನೆ, ಊಟಕ್ಕೆ ಮುಂಚೆ ಪ್ರಾರ್ಥನೆ, ಡಿಸೆಂಬರಿನಲ್ಲಿ ಅಕ್ಕಪಕ್ಕದವರಿಗೆಲ್ಲ ಕೇಕು. ದೇವರು ನನ್ನನ್ನು ಏನೂ ಕೇಳುತ್ತಿರಲಿಲ್ಲ, ನಾನೂ ಅವನಿಗೆ ಹೆಚ್ಚು ತೊಂದರೆ ಕೊಡುತ್ತಿರಲಿಲ್ಲ. ಈಗ ಆ ಒಂದು ಮಾತು ಬೆನ್ನು ಬಿಡಲಿಲ್ಲ. ಹುರುಳಿಕಾಯಿ ನಾರು ತೆಗೆಯುವಾಗ, ಬಟ್ಟೆ ಒಣಹಾಕುವಾಗ ದೇವರ ಜೊತೆ ಜಗಳಕ್ಕೇ ಇಳಿಯುತ್ತಿದ್ದೆ. ನಿನ್ನ ಮಗನಿಗೇನು, ಅವನು ದೇವರು, ಕ್ಷಮಿಸುತ್ತಾನೆ. ನಾನು ಹೇಗೆ ಕ್ಷಮಿಸಲಿ? ಅದೂ ಪ್ರಾರ್ಥನೆಯೇ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಾಷಣ ಬರೆದು ಬರೆದು ಹರಿದು ಹಾಕಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಎಂದು ಎಷ್ಟೋ ಜನರನ್ನು ಆಡಿಕೊಂಡಿದ್ದೆ. ಈಗ ಬದನೇಕಾಯಿ ನನ್ನ ತಟ್ಟೆಗೇ ಬಂದಿತ್ತು.

ಒಂದು ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅಲ್ಲಾಡದೆ ನಿಂತಿತ್ತು. ಕಂಡಕ್ಟರೂ ಡ್ರೈವರೂ ಮಳೆ ಬರುತ್ತೋ ಇಲ್ಲವೋ ಎಂದು ವಾದಿಸುತ್ತಿದ್ದರು. ಆಗ ಇದ್ದಕ್ಕಿದ್ದಂತೆ ಹೊಳೆಯಿತು. ಯೇಸು "ನಾನು ಇವರನ್ನು ಕ್ಷಮಿಸಿದ್ದೇನೆ" ಎನ್ನಲಿಲ್ಲವಲ್ಲ, ತಂದೆಯನ್ನು ಕೇಳಿದ. ಬಾಲ್ಯದಿಂದ ಕೇಳಿದ ಮಾತು, ಒಮ್ಮೆಯೂ ಗಮನಿಸಿರಲಿಲ್ಲ. ನನಗೆ ಅಲ್ಲೇ ಅಳು ಬಂತು. ಪಕ್ಕದ ಹೆಂಗಸು ಟ್ರಾಫಿಕ್ಕಿಗೆ ಅಳುತ್ತಿದ್ದೇನೆ ಅಂದುಕೊಂಡು ಸಮಾಧಾನ ಮಾಡಿದಳು.

ಶುಕ್ರವಾರ ಬಿಳಿ ಸೀರೆಯುಟ್ಟು ಮುಂದೆ ಹೋಗಿ ನಿಂತೆ. ಅಣ್ಣ ಬಲಗಡೆಯ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದ.

"ಕ್ಷಮಿಸೋದು ನನಗೆ ಇನ್ನೂ ಬಂದಿಲ್ಲ," ಅಂದೆ. "ಬಂದಿದೆ ಅಂತ ಇಲ್ಲಿ ನಿಂತು ಸುಳ್ಳು ಹೇಳಲ್ಲ. ಆದ್ರೆ ನನ್ ಕೈಲಿ ಆಗದೇ ಇರೋದನ್ನ ನೀನು ಮಾಡು ಅಂತ ತಂದೆನ ಕೇಳಬಹುದಲ್ಲ. ಇವತ್ತು ಅಷ್ಟು ಕೇಳ್ತಿದೀನಿ." ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಅಷ್ಟಕ್ಕೇ ನಿಲ್ಲಿಸಿ ಹೋಗಿ ಕೂತುಬಿಟ್ಟೆ.

ಆರಾಧನೆ ಮುಗಿದ ಮೇಲೆ ಉಪವಾಸ ಬಿಡಲು ಅಂಗಳದಲ್ಲಿ ಗಂಜಿ ಹಾಕುತ್ತಾರೆ. ಬೇವಿನ ಮರದ ಕೆಳಗೆ ಕೂತಿದ್ದೆ. ಅಣ್ಣ ತನ್ನ ಬಟ್ಟಲು ಹಿಡಿದು ಎದುರಿಗೆ ಬಂದು ನಿಂತ. ತಲೆ ಪೂರ್ತಿ ನರೆತಿತ್ತು. ಮೂರು ವರ್ಷದಿಂದ ಗಂಟಲಲ್ಲೇ ಇದ್ದ ಪ್ರಶ್ನೆ ತಾನಾಗಿ ಹೊರಗೆ ಬಂತು.

"ಅಮ್ಮನ ಮುಖ ಹೆಂಗಿತ್ತು?"

ಅವನು ನನ್ನ ಪಕ್ಕದಲ್ಲಿ ಕೂತ.

"ನಂಗೊತ್ತಿಲ್ಲ ಕಣೆ" ಅಂದ. "ಪೆಟ್ಟಿಗೆ, ಗಾಡಿ, ಶಾಮಿಯಾನ ಅಂತ ಹೊರಗೇ ಓಡಾಡ್ತಿದ್ದೆ. ಮುಚ್ಚಳ ಹಾಕೋವಾಗ ಕರೆದ್ರು. ಹೋಗಿ ಗೋಡೆ ಕಡೆ ತಿರುಗಿ ನಿಂತ್ಕೊಂಡೆ. ನೋಡಕ್ಕಾಗ್ಲಿಲ್ಲ. ಸಂಜೆ ತನಕ ಆ ಮನೇಲಿ ಇರೋಕೂ ಆಗ್ತಿರ್ಲಿಲ್ಲ. ಅದಕ್ಕೇ ಬೇಗ ಮುಗಿಸಿಬಿಟ್ಟೆ."

ಅವನೂ ನೋಡಿರಲಿಲ್ಲ. ನನಗೆ ಎದೆ ಒಡೆದು ಹೋಯಿತು, ಆ ಕ್ಷಣ ಅವನಿಗಾಗಿ.

"ಸೀರೆ ಉಡಿಸಿದ್ದು ನಿಮ್ಮತ್ತಿಗೆ" ಅಂದ. "ಅವಳಿಗೆ ಎಲ್ಲ ನೆನಪಿರುತ್ತೆ. ಒಬ್ಬನೇ ಕೇಳೋಕೆ ನಂಗೆ ಇದುವರೆಗೂ ಧೈರ್ಯ ಬಂದಿಲ್ಲ."

ಅತ್ತಿಗೆ ಗೇಟಿನ ಹತ್ತಿರ ಯಾರೊಂದಿಗೋ ಮಾತಾಡುತ್ತಿದ್ದಳು. ನಾನು ಬಟ್ಟಲು ಕೆಳಗಿಟ್ಟು ಅಣ್ಣನ ಕೈ ಹಿಡಿದುಕೊಂಡೆ. ಅಮ್ಮ ಹೇಗಿದ್ದಳು ಎಂದು ಕೇಳಲು ಇಬ್ಬರೂ ಅವಳ ಕಡೆ ನಡೆದೆವು.