ಮೊದಲ ಇಲಿ ಬಿದ್ದ ಮನೆ

ಹುಮನಾಬಾದಿನ ರಂಗಾರ ಓಣಿಯ ಶೇವಂತಾಬಾಯಿಯ ಕೈ ನೋಡಿದರೆ ಸಾಕು, ಆ ವಾರ ಪೇಟೆಯಲ್ಲಿ ಯಾವ ಬಣ್ಣದ ಸೀರೆ ಓಡುತ್ತಿದೆ ಎಂದು ಹೇಳಬಹುದಿತ್ತು. ಮೊಣಕೈವರೆಗೆ ಒಂದು ದಿನ ನೀಲಿ, ಮತ್ತೊಂದು ದಿನ ಕೆಂಪು. ಗಂಡ ತುಳಜಾರಾಮ ತೀರಿಕೊಂಡಾಗ ಮಗಳು ಯಶೋದಾ ಇನ್ನೂ ತೊಟ್ಟಿಲಲ್ಲಿದ್ದಳು. ಗಂಡಸಿಲ್ಲದ ಮನೆಯಲ್ಲಿ ಬಣ್ಣದ ಬಾನಿ ಎಷ್ಟು ದಿನ ಕುದಿದೀತು ಎಂದು ಓಣಿಯವರು ಮಾತಾಡಿಕೊಂಡರು. ಬಾನಿಯೂ ಕುದಿಯಿತು, ಅದಕ್ಕಿಂತ ಜೋರಾಗಿ ಶೇವಂತಾಬಾಯಿಯ ಬಾಯಿಯೂ ಕುದಿಯಿತು. ಈ ಸೀರೆ ಬಣ್ಣ ಬಿಡ್ತದೇನು ಎಂದು ಗಿರಾಕಿ ಕೇಳಿದರೆ, "ಬೆವರ ಬಂದ್ರ ಬಿಡ್ತದ್ರಿ. ನಿಮ್ಮ ಮನ್ಯಾಗ ದುಡಿಯೋರು ಯಾರದಾರ, ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಿದ್ದಳು. ಗಿರಾಕಿ ನಗುತ್ತಲೇ ದುಡ್ಡು ಕೊಟ್ಟು ಹೋಗುತ್ತಿದ್ದ.

ಬಾಯಿ ಅವಳದೇ, ಕಸುಬು ಮಾತ್ರ ಪಕ್ಕದ ಮನೆಯಿಂದ ಬಂದದ್ದು. ಗೋಡೆಗೆ ಗೋಡೆ ಹತ್ತಿದ ಮನೆ ಅಲ್ಲಾಬಕ್ಷನದು. ಅವನೂ ಬಣ್ಣಗಾರ. ಅವನ ಹೆಂಡತಿ ವಜೀರಬಿ ಶೇವಂತಾಬಾಯಿಗಿಂತ ನಾಲ್ಕಾರು ವರ್ಷ ದೊಡ್ಡವಳು. ಶೇವಂತಾಬಾಯಿ ವಿಧವೆಯಾದ ಹೊಸದರಲ್ಲಿ ಎಷ್ಟು ನೀರಿಗೆ ಎಷ್ಟು ಪುಡಿ, ಯಾವ ಬಣ್ಣಕ್ಕೆ ಎಷ್ಟು ಉಪ್ಪು ಎಂದು ಕೈಹಿಡಿದು ತೋರಿಸಿದವಳು ಆಕೆಯೇ. ಎರಡು ಮನೆಗೂ ಹಿತ್ತಿಲು ಒಂದೇ, ಬಾನಿ ಕಾಯಿಸುವ ಭಟ್ಟಿಯೂ ಒಂದೇ. ವಜೀರಬಿಯ ಒಬ್ಬಳೇ ಮಗಳು ಅಸ್ಗರಿ ಮತ್ತು ಯಶೋದಾ ಆ ಭಟ್ಟಿಯ ಬೂದಿಯಲ್ಲಿ ಆಡಿ ಬೆಳೆದವರು. ಊಟದ ಹೊತ್ತಿಗೆ ಯಾರು ಯಾರ ಮನೆಯಲ್ಲಿದ್ದಾರೆಂದು ಹುಡುಕುವ ಕೆಲಸ ಇಬ್ಬರು ತಾಯಂದಿರಿಗೂ ನಿತ್ಯದ್ದು.

ಆ ಕಾಲದಲ್ಲಿ ಪ್ಲೇಗು ನೆಂಟರ ಹಾಗೆ ಬರುತ್ತಿತ್ತು. ಕರೆಯದಿದ್ದರೂ ಬರುತ್ತಿತ್ತು, ಬಂದರೆ ಬೇಗ ಹೋಗುತ್ತಿರಲಿಲ್ಲ. ಅದಕ್ಕೆ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮನೆಯಲ್ಲಿ ಇಲಿ ತಾನಾಗಿ ಸತ್ತು ಬೀಳುತ್ತದೋ ಅವರು ಒಡನೆ ಓಣಿಯ ಹಿರಿಯ ಬಕ್ಕಪ್ಪನಿಗೆ ತಿಳಿಸಬೇಕು. ಬಕ್ಕಪ್ಪ ಆ ಮನೆಯ ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಿದ್ದ. ಸಂಜೆಯೊಳಗೆ ಓಣಿಗೆ ಓಣಿಯೇ ಗಂಟುಮೂಟೆ ಕಟ್ಟಿಕೊಂಡು ಊರಾಚೆಯ ಹೊಲಗಳಿಗೆ ಹೋಗಿ ಗುಡಿಸಲು ಹಾಕಬೇಕು. ಮೊದಲ ಇಲಿ ಬಿದ್ದ ಮನೆಯವರು ಮಾತ್ರ ಎಲ್ಲರಿಂದ ದೂರ, ಗಾಳಿ ಬೀಸಿ ಹೋಗುವ ಕಡೆಗೆ ಗುಡಿಸಲು ಹಾಕಿಕೊಳ್ಳಬೇಕು. ಊರಿಗೆ ಎಲ್ಲರಿಗಿಂತ ಕೊನೆಗೆ ತಿರುಗಿ ಬರಬೇಕು. ಕಟ್ಟಳೆ ಒಳ್ಳೆಯದೇ, ಅದರಿಂದ ಎಷ್ಟೋ ಜೀವ ಉಳಿದವು. ಆದರೆ ಬೇವಿನ ತಪ್ಪಲು ಒಣಗಿ ಉದುರಿದ ಮೇಲೂ ಆ ಮನೆಗೆ ಹತ್ತಿದ ಹೆಸರು ಉದುರುತ್ತಿರಲಿಲ್ಲ.

ಶೇವಂತಾಬಾಯಿಗೆ ಅದು ಚೆನ್ನಾಗಿ ಗೊತ್ತಿತ್ತು. ಮೂವತ್ತಮೂರನೆಯ ಇಸವಿಯಲ್ಲಿ ಮೊದಲ ಇಲಿ ಬಿದ್ದದ್ದು ಅವಳ ಮನೆಯಲ್ಲೇ. ಅವಳು ಒಂದು ಗಳಿಗೆ ತಡಮಾಡದೆ ಓಡಿಹೋಗಿ ಬಕ್ಕಪ್ಪನಿಗೆ ಹೇಳಿದಳು. ಓಣಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಬಂದ ಬಹುಮಾನ ಏನೆಂದರೆ, ಯಶೋದಾಳನ್ನು ನೋಡಿ ಒಪ್ಪಿ ಹೋಗಿದ್ದ ಬೇಮಳಖೇಡದ ಬೀಗರು, ಇಲಿ ಬಿದ್ದ ಮನೆಯ ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಸಂಬಂಧ ಮುರಿದರು. ದೂರದ ಗುಡಿಸಲಿನಲ್ಲಿ ತಾಯಿ ಮಗಳು ಕೂತು ಅತ್ತರು. ಆ ಕಡೆಗೆ ಯಾರೂ ಸುಳಿಯಲಿಲ್ಲ. ವಜೀರಬಿ ಒಬ್ಬಳೇ ದಿನಾ ಮಡಕೆಯಲ್ಲಿ ಕೆಂಡ, ಸೆರಗಿನಲ್ಲಿ ರೊಟ್ಟಿ ತರುತ್ತಿದ್ದಳು. ದೂರ ಇಟ್ಟು ಹೋಗಬೇಕು ಎಂದು ಬಕ್ಕಪ್ಪ ಹೇಳಿದ್ದ. ಅವಳು ಒಳಗೇ ಬಂದು ಕೂರುತ್ತಿದ್ದಳು.

ಮೂರು ವರ್ಷ ಯಾರೂ ಯಶೋದಾಳನ್ನು ಕೇಳಲಿಲ್ಲ. ಆಮೇಲೆ ಕಲ್ಯಾಣಿಯಿಂದ ಒಂದು ಸಂಬಂಧ ಬಂತು. ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಜನ ಕಲ್ಯಾಣಿ ಎಂದೇ ಅನ್ನುತ್ತಿದ್ದರು. ಹುಡುಗ ಕಾಶಿರಾಮ. ಅವನ ಅಪ್ಪ ಏಕನಾಥ ಸಂತೆಯಲ್ಲಿ ಸೀರೆ ಮಾರುವವನು, ನೇರ ಮಾತಿನವನು.

"ಬೇಮಳಖೇಡದ ಸುದ್ದಿ ನನಗೂ ಗೊತ್ತದ್ರಿ ತಂಗೀ," ಎಂದ. "ಕಾಲ್ಗುಣ ಗೀಲ್ಗುಣ ನಾ ನಂಬಂಗಿಲ್ಲ. ಆದ್ರ ಇನ್ನೊಮ್ಮೆ ಹಂಗೇನರ ಆತಂದ್ರ ನಮ್ಮ ಮನ್ಯಾಗಿನ ಹೆಣ್ಣಮಕ್ಳು ಕೇಳಂಗಿಲ್ಲ. ನನ್ನ ಕೈಯಾಗ ಏನೂ ಉಳಿಯಂಗಿಲ್ಲ ನೋಡ್ರಿ."

"ಯಾಕ ಆಗ್ತದ್ರಿ ಅಣ್ಣಾ," ಎಂದಳು ಶೇವಂತಾಬಾಯಿ. "ದೇವರು ಒಬ್ಬರಿಗೇ ಎರಡು ಸಲ ಹೊಡಿಯಂಗಿಲ್ಲ."

ದೇವರಿಗೆ ಬುದ್ಧಿ ಹೇಳಿಕೊಡಲು ಹೋಗಬಾರದು. ಮದುವೆಗೆ ಇನ್ನು ಐದೇ ದಿನ ಇತ್ತು. ಬೆಳಿಗ್ಗೆ ಜೋಳ ತೆಗೆಯಲು ಕಣಜದ ಹಿಂದೆ ಬಗ್ಗಿದವಳ ಕೈಗೆ ಮೆತ್ತಗಿನದೇನೋ ತಗುಲಿತು. ಇಲಿ. ಕಾಲು ಮೇಲೆ ಮಾಡಿ ಬಿದ್ದಿತ್ತು, ಮೂಗಿನ ತುದಿಯಲ್ಲಿ ರಕ್ತ.

ಹೊರಗೆ ಹಂದರದ ಗಳ ನೆಡುತ್ತಿದ್ದರು. ಯಶೋದಾ ಯಾವುದಕ್ಕೋ ನಗುತ್ತಿದ್ದಳು. ಆ ಹುಡುಗಿ ನಕ್ಕು ಮೂರು ವರ್ಷವಾಗಿತ್ತು. ಶೇವಂತಾಬಾಯಿ ಇಕ್ಕಳದಲ್ಲಿ ಇಲಿಯ ಬಾಲ ಹಿಡಿದಳು, ಹರಕು ಚಿಂದಿಯಲ್ಲಿ ಸುತ್ತಿದಳು, ಹಿತ್ತಿಲಿಗೆ ಹೋಗಿ ಭಟ್ಟಿಯ ಬೆಂಕಿಗೆ ಹಾಕಿದಳು. ಕೂದಲು ಸುಟ್ಟ ವಾಸನೆ ಎದ್ದಿತು.

"ಏನ್ ಸುಡಾಕತ್ತೀದಿ ಶೇವಂತಾ?" ಎಂದು ವಜೀರಬಿ ಬಾನಿಯ ಆಚೆಯಿಂದ ಕೇಳಿದಳು.

"ಹಳೀ ಚಿಂದಿ, ಆಪಾ."

ಅಕ್ಕ ಎಂದು ಕರೆಯುತ್ತ ಬಂದ ಆಕೆಗೆ ಅಷ್ಟು ವರ್ಷಗಳಲ್ಲಿ ಹೇಳಿದ ಮೊದಲ ಸುಳ್ಳು ಅದು. ಒಂದೇ ಇಲಿ, ಮುದಿಯಾಗಿ ಸತ್ತಿರಬೇಕು, ಬೆಕ್ಕು ಕಚ್ಚಿರಬೇಕು ಎಂದು ಶೇವಂತಾಬಾಯಿ ತನ್ನನ್ನು ತಾನೇ ನಂಬಿಸಿಕೊಂಡಳು. ಆದರೆ ನಂಬಿದವಳು ಮಾಡುವ ಕೆಲಸವನ್ನು ಅವಳು ಮಾಡಲಿಲ್ಲ. ಕಣಜದ ಮೂಲೆಗೆ ಬಿಸಿನೀರು ಸುರಿದು ಸೆಗಣಿ ಸಾರಿಸಿದಳು. ಅಲ್ಲೇ ಮಲಗುತ್ತಿದ್ದ ಯಶೋದಾಳ ಹಾಸಿಗೆಯನ್ನು ಎತ್ತಿ ಪಡಸಾಲೆಗೆ ಹಾಕಿದಳು. ನೆಂಟರ ಗಂಟುಗಳನ್ನು ಅಲ್ಲಿ ಇಡಗೊಡಲಿಲ್ಲ. ಬಂದವರ ಮಕ್ಕಳು ಆ ಕಡೆ ಹೋದರೆ ಗದರಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಇವಳು ಕಣ್ಣು ತೆರೆದೇ ಕುಡಿದಳು.

ಅಂದೇ ಮಧ್ಯಾಹ್ನ ಹುಡುಗಿಯರೆಲ್ಲ ಸೇರಿ ಶಾವಿಗೆ ಹೊಸೆದರು. ಎಲ್ಲರಿಗಿಂತ ಹೆಚ್ಚು ದುಡಿದವಳು ಅಸ್ಗರಿ. ಯಶೋದಾ ಹೋಗುತ್ತಾಳೆಂಬ ಸಂಕಟಕ್ಕೆ ಆ ಹುಡುಗಿ ಮೈಮುರಿದು ಕೆಲಸ ಮಾಡುತ್ತಿದ್ದಳು. ಬಿಸಿಲೇರಿದಾಗ ಒಳಗೆ ಬಂದಳು. ಪಡಸಾಲೆಯ ತುಂಬ ನೆಂಟರು ಉರುಳಿಕೊಂಡಿದ್ದರು, ಕಾಲಿಡಲು ಜಾಗವಿಲ್ಲ. ಸಾರಿಸಿದ ಕಣಜದ ಮೂಲೆ ಮಾತ್ರ ಖಾಲಿ.

"ಮೌಸಿ, ಇಲ್ಲಿ ತಂಪದ. ಒಂದೀಟು ಅಡ್ಡಾಗ್ಲೇನು?"

ಶೇವಂತಾಬಾಯಿ ಹೊಸ್ತಿಲಲ್ಲಿ ನಿಂತಿದ್ದಳು. ಬ್ಯಾಡ ಅಂದರೆ ಯಾಕ ಅನ್ನುತ್ತಾಳೆ. ಯಾಕ ಅಂದರೆ ಏನು ಹೇಳುವುದು? ಮದುವೆಯ ಸಿದ್ಧತೆ ನೋಡಲು ಬಂದಿದ್ದ ಏಕನಾಥನ ಅಕ್ಕ ಅಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದಳು, ಅವಳ ಕಿವಿ ಚುರುಕು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಅಡ್ಡಾಗವ್ವ," ಎಂದಳು.

ಅಸ್ಗರಿ ಸೆರಗನ್ನೇ ತಲೆದಿಂಬು ಮಾಡಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಬಿಟ್ಟಳು. ಹೊತ್ತು ಇಳಿಯುವವರೆಗೆ ಏಳಲಿಲ್ಲ. ಆ ಹೊತ್ತಿನಲ್ಲಿ ಶೇವಂತಾಬಾಯಿ ಒಳಗೆ ಹೋಗಿ ಎಬ್ಬಿಸಬಹುದಿತ್ತು, ಕೆಲಸ ಹೇಳಿ ಕಳಿಸಬಹುದಿತ್ತು. ಹೋಗಿ ನೋಡಿ, ತಿರುಗಿ ಬಂದಳು. ಮತ್ತೆ ಹೋಗಿ ನೋಡಿ, ತಿರುಗಿ ಬಂದಳು.

ಮದುವೆ ಸಾಂಗವಾಗಿ ನಡೆಯಿತು. ಅಕ್ಕಿಕಾಳು ಬೀಳುವಾಗ ಅಸ್ಗರಿ ಮದುಮಗಳ ಮಗ್ಗುಲಲ್ಲೇ ಕೂತಿದ್ದಳು. ಕಣ್ಣು ಕೆಂಪಗಿದ್ದವು, ಮುಖ ಬಾಡಿತ್ತು. ಗೆಳತಿ ಹೋಗುತ್ತಾಳೆಂದು ಅತ್ತಿದ್ದಾಳೆ ಎಂದು ಹೆಂಗಸರು ಮೆಚ್ಚಿ ಮಾತಾಡಿದರು. ಯಶೋದಾಳ ಬಂಡಿ ಕಲ್ಯಾಣಿಯ ಹಾದಿ ಹಿಡಿದ ಮರುದಿನ ಅಸ್ಗರಿ ಹಾಸಿಗೆ ಹಿಡಿದಳು. ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತ್ತು. ಎರಡು ದಿನದಲ್ಲಿ ಸತ್ತಳು. ಅಷ್ಟರಲ್ಲಿ ಓಣಿಯ ಮಾಡುಗಳಿಂದ ಇಲಿಗಳು ಒಂದೊಂದಾಗಿ ಬೀಳತೊಡಗಿದವು.

ಬಕ್ಕಪ್ಪ ಬೇವಿನ ತಪ್ಪಲು ತಂದು ಅಲ್ಲಾಬಕ್ಷನ ಬಾಗಿಲಿಗೆ ಕಟ್ಟಿದ. "ಇಲಿ ಬಿದ್ದಿದ್ದು ಮುಚ್ಚಿಟ್ಟೀರಿ. ಮಗಳನ್ನ ಕಳಕೊಂಡ್ರಿ, ಓಣೀನೂ ಕೆಡಿಸಿದ್ರಿ," ಎಂದ. "ಇಲ್ರಿ, ಖುದಾನ ಆಣಿ, ನಮ್ಮಲ್ಲಿ ಇಲಿ ಬಿದ್ದಿಲ್ರಿ," ಎಂದು ಅಲ್ಲಾಬಕ್ಷ ಕೈಮುಗಿದ. ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಆ ಗುಂಪಿನಲ್ಲೇ ನಿಂತಿತ್ತು, ಬಾಯಿ ತೆರೆಯಲಿಲ್ಲ. ಗಿರಾಕಿಗಳ ಮುಂದೆ ಅಷ್ಟು ಆಡುತ್ತಿದ್ದ ಬಾಯಿ ಅದು.

ಈ ಸಲ ಗಾಳಿಯ ಕೆಳಗಡೆ ದೂರದ ಗುಡಿಸಲು ವಜೀರಬಿಯದು. ಶೇವಂತಾಬಾಯಿ ರೊಟ್ಟಿ ಕಟ್ಟಿಕೊಂಡು ಹೋದಳು. ಇವತ್ತು ಎಲ್ಲ ಹೇಳಿಬಿಡುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ವಜೀರಬಿ ಅವಳನ್ನು ಕಂಡೊಡನೆ ಕೊರಳು ತಬ್ಬಿಕೊಂಡು, "ನೀ ಒಬ್ಬಾಕೀನ ಬಂದಿ ನೋಡವ್ವ. ಉಳಿದವ್ರಿಗೆ ನಾವು ಸತ್ತೇವಿ," ಎಂದು ಗೋಳಾಡಿದಳು. ಶೇವಂತಾಬಾಯಿ ಅವಳ ಕಣ್ಣೊರೆಸಿದಳು. ರೊಟ್ಟಿ ಕೊಟ್ಟು ಬಂದಳು.

ಓಣಿ ತಿರುಗಿ ತುಂಬಿದ ಮೇಲೂ ಮದುವೆಯ ಬಟ್ಟೆಗೆ ಬಣ್ಣ ಹಾಕಿಸಲು ಅಲ್ಲಾಬಕ್ಷನ ಮನೆಗೆ ಯಾರೂ ಬರಲಿಲ್ಲ. ಆ ಗಿರಾಕಿಗಳೆಲ್ಲ ಬಂದದ್ದು ಶೇವಂತಾಬಾಯಿಯ ಕಡೆಗೆ. ಬೇಡ ಅನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಸಿಕ್ಕಿದ್ದ ಒಂದೇ ಕಾರಣ ಹೇಳುವಂಥದಲ್ಲ. ಅಲ್ಲಾಬಕ್ಷ ಹಮಾಲಿ ಮಾಡಿ, ಬೆನ್ನು ಮುರಿದುಕೊಂಡು, ಯುದ್ಧ ಶುರುವಾದ ವರ್ಷ ಸತ್ತ. ಆಗ ವಜೀರಬಿಯನ್ನು ಶೇವಂತಾಬಾಯಿ ತನ್ನ ಬಾನಿಯ ಕೆಲಸಕ್ಕೆ ಕರೆದುಕೊಂಡಳು. ತಾನು ಉಣ್ಣುವ ಮೊದಲು ಅವಳಿಗೆ ಬಡಿಸಿದಳು. ಯುದ್ಧದಲ್ಲಿ ವಿಲಾಯತಿ ಬಣ್ಣದ ಪುಡಿ ಬರುವುದು ನಿಂತು ಬಾನಿಗಳು ತಣ್ಣಗಾದಾಗಲೂ ಆಕೆಯ ಪಾಲಿನ ಜೋಳ ತಪ್ಪಿಸಲಿಲ್ಲ. ಕಸುಬು ಕಲಿಸಿದವಳು ಕಲಿತವಳ ಮನೆಯಲ್ಲಿ ಕೂಲಿ ಮಾಡುವುದನ್ನು ನೋಡಿ ಓಣಿ ಬೇಸರಪಡಲಿಲ್ಲ, ಶೇವಂತಾಬಾಯಿಯನ್ನು ಹೊಗಳಿತು. ಎಂಥ ಪುಣ್ಯವಂತೆ ಎಂದಿತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಕಲ್ಯಾಣಿಯಲ್ಲಿ ಯಶೋದಾ ಸುಖವಾಗಿದ್ದಳು. ಹೆಣ್ಣು ಮಗು ಹುಟ್ಟಿದಾಗ ವಜೀರಬಿ ತಾನೇ ಬಣ್ಣ ಹಾಕಿ ಒಂದು ಕುಂಚಿಗೆ ಹೊಲಿದು ಶೇವಂತಾಬಾಯಿಯ ಕೈಯಲ್ಲಿ ಕಳಿಸಿದಳು. ಯಶೋದಾ ಅದನ್ನು ಮಗುವಿನ ತಲೆಗೆ ಕಟ್ಟಿ, "ಅಸ್ಗರಿ ಇದ್ದಿದ್ರ ಇಷ್ಟೊತ್ತಿಗೆ ಅಕೀಗೂ ಎರಡು ಮಕ್ಳು ಇರ್ತಿದ್ವು ಅಲಾ ಅವ್ವಾ?" ಎಂದಳು. ಶೇವಂತಾಬಾಯಿ ಊರ ಕೋಟೆಯ ಕಡೆ ಹೋಗಿ ಬರುತ್ತೇನೆಂದು ಎದ್ದು ಹೋದಳು. ಮಗಳ ಸಂಸಾರ ನೋಡಿ ಕಣ್ತುಂಬ ಸಂತೋಷಪಡಬೇಕೆಂದು ತಾನೇ ಅಷ್ಟೆಲ್ಲ ಮಾಡಿದ್ದು? ಆ ಒಂದು ಸಂತೋಷವನ್ನೂ ಅವಳು ಉಣ್ಣಲಿಲ್ಲ.

ಯುದ್ಧ ಮುಗಿದ ಮರುವರ್ಷ ವಜೀರಬಿ ಮಲಗಿದಳು. ಎದೆ ಕಟ್ಟಿತ್ತು, ಹಕೀಮರು ತಲೆಯಾಡಿಸಿ ಹೋಗಿದ್ದರು. ಒಂದು ಮುಂಜಾನೆ ಗಂಜಿ ಕುಡಿಸಲು ಹೋದ ಶೇವಂತಾಬಾಯಿಯ ಕೈಯನ್ನು ಆಕೆ ಹಿಡಿದುಕೊಂಡಳು.

"ಹೋಗೋಕಿಂತ ಮೊದ್ಲು ಮಂದೀ ಕಡೆ ಮಾಫಿ ಬೇಡ್ಕೊಂಡು ಹೋಗಬೇಕವ್ವ, ಅದು ನಮ್ಮಲ್ಲಿ ರಿವಾಜು. ಓಣ್ಯಾಗ ಎಲ್ಲಾರ ಕಡೆ ಬೇಡ್ಕೊಂಡೇನಿ. ನಿನ್ನ ಕಡೆ ಬೇಡ್ಲಾಕ ಹೆದರಿಕಿ."

"ನನ್ನ ಕಡೆ ಏನದ ಆಪಾ?"

"ಅದ. ಯಶೋದಾನ ಲಗ್ನದ ದಿನ ಮುಂಜಾನಿ ಅಸ್ಗರಿ, ಅಮ್ಮಾ ಮೈ ಕಾಯಾಕತ್ತದ, ತೊಡಿ ನೋಯಾಕತ್ತದ ಅಂದ್ಳು. ಮುಟ್ಟಿ ನೋಡಿದೆ, ಕೆಂಡ ಆಗಿತ್ತು. ನನಗ ತಿಳೀತು. ಬಾಯಿ ಬಿಟ್ರ ಓಣಿ ಖಾಲಿ ಆಗ್ತದ, ಆ ಪೋರಿ ಲಗ್ನ ಎರಡನೇ ಸಲ ಮುರೀತದ, ಶೇವಂತಾ ಬಾವಿ ನೋಡ್ಕೋತಾಳ ಅನಿಸ್ತು. ಚುಪ್ ಕೂಡು, ಅಕ್ಕಿಕಾಳ ಬೀಳೂ ತನಕ ನಕ್ಕೋತ ಕೂಡು ಅಂತ ನಾನೇ ಅಕೀನ್ನ ಕಳಿಸಿದೆ." ಆಕೆಗೆ ಉಸಿರು ಸಿಗಲಿಲ್ಲ. ತಡೆದು ಹೇಳಿದಳು: "ಬ್ಯಾನಿ ಹತ್ತಿದ ಹುಡುಗೀನ್ನ ನಿನ್ನ ಮಗಳ ಮಗ್ಗಲದಾಗ ಕೂಡ್ಸಿದೆ. ಅಕೀಗೆ ಹತ್ತಿದ್ರ? ನಿನ್ನ ಮನಿ ದೀಪ ಆರಿದ್ರ? ಇಷ್ಟು ವರ್ಷ ನೀ ಹಾಕಿದ ಅನ್ನ ತಿಂದೇನಿ, ಒಂದ್ ದಿನಾನೂ ಹೇಳಾಕ ಬಾಯಿ ಬರ್ಲಿಲ್ಲ. ನಮ್ಮ ಮನ್ಯಾಗ ಎಲ್ಲಿ ಇಲಿ ಬಿದ್ದಿತ್ತೋ, ನನ್ನ ಕಣ್ಣಿಗೆ ಬೀಳ್ಲಿಲ್ಲ. ಹೊಟ್ಯಾಗ ಹಾಕ್ಕೊ, ಶೇವಂತಾ. ಮಾಫ್ ಮಾಡೇನಿ ಅನ್ನು."

ಶೇವಂತಾಬಾಯಿ ಬಾಯಿ ತೆರೆದಳು. ಹತ್ತು ವರ್ಷ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಇಲಿ ಬಿದ್ದದ್ದು ನಿನ್ನ ಮನೆಯಲ್ಲಲ್ಲ ಎಂಬ ಒಂದು ಮಾತು ಸಾಕಿತ್ತು, ಆ ಮುದುಕಿಯ ಎದೆಯ ಮೇಲಿನ ಬಂಡೆ ಜಾರಿ ಬೀಳುತ್ತಿತ್ತು. ಆದರೆ ಅದೇ ಮಾತಿನೊಂದಿಗೆ ತನ್ನನ್ನು ಹಿಡಿದುಕೊಂಡ ಕೈಯೂ ಬಿಟ್ಟು ಹೋಗುತ್ತಿತ್ತು. ಸಾಯುವವಳಿಗೆ ಯಾಕೆ ನೋವು ಕೊಡುವುದು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡದ್ದುಂಟು. ಅದು ಕರುಣೆಯಲ್ಲ, ಅಂಜಿಕೆ. ಅವಳಿಗೂ ಅದು ಗೊತ್ತಿತ್ತು.

"ಮಾಫ್ ಮಾಡೇನಿ, ಆಪಾ," ಎಂದಳು.

ವಜೀರಬಿಯ ಮುಖ ತಿಳಿಯಾಯಿತು. ಶೇವಂತಾಬಾಯಿಯ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ನಿನ್ನ ಮನಸ್ಸು ದೊಡ್ಡದವ್ವ," ಎಂದು ಹೇಳಿ, ಗಂಜಿ ಕೇಳಿ ಕುಡಿದಳು.