ಕೋರ್ಟು ನೋಡಿದ ಗೋಡೆ

ನಮ್ಮ ಎಮ್ಡೆನ್ ಊರಿನ ಗಾರೆ ಮೇಸ್ತ್ರಿ ಹಾರ್ಮ್ಸ್‌ಗೆ ದುಡ್ಡು ಕೊಡದ ಗಿರಾಕಿಗಳೆಂದರೆ ಪ್ರಾಣ. ಗೋಡೆ ಕಟ್ಟಿಸಿಕೊಂಡವರು "ಸೊಟ್ಟಗಿದೆ" ಎಂದು ಹಣ ತಡೆದರೆ ಸಾಕು, ಬೂಟಿನ ಸಿಮೆಂಟು ಕೆರೆದು, ಕೋಟು ತೊಟ್ಟು, ಮದುವೆಗೆ ಹೊರಟವನಂತೆ ಕೋರ್ಟಿಗೆ ನಡೆಯುತ್ತಾನೆ. ವಕೀಲರು "ಅರ್ಧಕ್ಕೆ ರಾಜಿ ಮಾಡ್ಕೊಳ್ಳಯ್ಯ" ಅಂದರೆ, "ಮೊದ್ಲು ಗೋಡೆ ನೋಡ್ಲಿ ಸಾರ್, ಆಮೇಲೆ ಮಿಕ್ಕಿದ್ದು" ಅನ್ನುತ್ತಾನೆ. ಕೋರ್ಟು ಕಳಿಸಿದ ಪರಿಣತರು ಬಂದು ರಸಮಟ್ಟ ಇಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವಾಗ, ಟೋಪಿ ಕೈಯಲ್ಲಿ ಹಿಡಿದು, ಮಗಳ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಅಪ್ಪನಂತೆ ನಿಂತಿರುತ್ತಾನೆ. ಗೆದ್ದ ಮೇಲೆ ಹಣದ ಸುದ್ದಿಯನ್ನೇ ಎತ್ತುವುದಿಲ್ಲ, ಕಲ್ಲುಸಕ್ಕರೆಯ ಚಹಾ ಕುಡಿಯುತ್ತ ನಮಗೆ ತೀರ್ಪಿನ ಒಂದೇ ಸಾಲು ಓದುತ್ತಾನೆ: "ಗೋಡೆಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ." ಇಂಥ ಒಂಬತ್ತು ತೀರ್ಪುಗಳಿವೆ ಆ ಬಡಾಯಿಗಾರನ ಹತ್ತಿರ. ನಾನೂ ಮೂವತ್ತು ವರ್ಷದಿಂದ ಇದೇ ಊರಿನಲ್ಲಿ ಗೋಡೆ ಕಟ್ಟುತ್ತಿದ್ದೇನೆ. ಎಲ್ಲರೂ ಹೇಳಿದ ದಿನಕ್ಕೆ ಹಣ ಕೊಟ್ಟು ಬಾಗಿಲು ಹಾಕಿಕೊಂಡಿದ್ದಾರೆ. ಹೊಟ್ಟೆ ಉರಿಯದೆ ಇನ್ನೇನು? ಹೋದ ವಾರ ಹೊಸ ಗೋಡೆ ಮುಗಿಸಿ, ಮನೆಯೊಡತಿ ಟಾಲ್ಕೆಗೆ ಬಾಯಿ ಬಿಟ್ಟು ಹೇಳಿದೆ: "ದುಡ್ಡಿಗೆ ಅವಸರ ಇಲ್ಲಮ್ಮ. ಗೋಡೇನ ಸರಿಯಾಗಿ ನೋಡಿ. ಏನಾದ್ರೂ ತಕರಾರಿದ್ರೆ ಕೋರ್ಟಿದೆ." ಪುಣ್ಯಾತ್ಗಿತ್ತಿ, ಗೋಡೆಗೆ ಬೆನ್ನು ಹಾಕಿ ನಿಂತು, ಅಲ್ಲೇ ಪೂರ್ತಿ ಹಣ ಕೊಟ್ಟುಬಿಟ್ಟಳು.